ಮಂಡಿ ಸವೆತಕ್ಕೆ ಕೊಬ್ಬಿನ ಕೋಶಗಳ ಚುಚ್ಚುಮದ್ದು

ರೋಗಿಯ ಹೊಟ್ಟೆ ಅಥವಾ ತೊಡೆಯ ಕೊಬ್ಬಿನಿಂದ ಬೇರ್ಪಡಿಸಿದ ಜೀವಕೋಶಗಳನ್ನು ಸವೆದ ಮಂಡಿಕೀಲಿಗೆ ಚುಚ್ಚುವ ಚಿಕಿತ್ಸೆ. ಇದರ ಮೂಲ ಮಂಡಿಗೆ ಸಂಬಂಧವೇ ಇಲ್ಲದ ಪ್ರಯೋಗವೊಂದರಲ್ಲಿದೆ. 1964ರಲ್ಲಿ ಅಮೆರಿಕದ ಮಾರ್ಟಿನ್ ರಾಡ್‌ಬೆಲ್ ಇಲಿಯ ಕೊಬ್ಬನ್ನು ಕೊಲಾಜಿನೇಸ್ ಎಂಬ ಕಿಣ್ವದಿಂದ ಬಿಡಿಸಿದರು. ಹಾರ್ಮೋನುಗಳ ಅಧ್ಯಯನಕ್ಕೆ ಅವರಿಗೆ ಬೇಕಿದ್ದುದು ಮೇಲೆ ತೇಲುವ ಕೊಬ್ಬುಕೋಶಗಳು, ತಳದಲ್ಲಿ ಉಳಿಯುವ ಗಸಿಯಲ್ಲ. ಆ ಗಸಿಗೆ ಬೆಲೆ ಬಂದದ್ದು 2001ರಲ್ಲಿ. ಲೈಪೊಸಕ್ಷನ್‌ನಲ್ಲಿ ಹೀರಿ ತೆಗೆದ ಕೊಬ್ಬಿನ ಇಂಥ ಗಸಿಯಲ್ಲಿ ಮೂಳೆ, ಮೃದ್ವಸ್ಥಿ, ಸ್ನಾಯುಗಳತ್ತ ಬೆಳೆಯಬಲ್ಲ ಕೋಶಗಳಿವೆಯೆಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಝುಕ್ ಮತ್ತು ಸಂಗಡಿಗರು ತೋರಿಸಿದರು.

ಬಳಕೆಯಲ್ಲಿ ಎರಡು ದಾರಿಗಳಾದವು: ಗಸಿಯನ್ನು ಅಂದೇ ಚುಚ್ಚುವುದು, ಇಲ್ಲವೇ ಅದರಲ್ಲಿ ಅಲ್ಪ ಪ್ರಮಾಣದಲ್ಲಿರುವ ಆಕರಕೋಶಗಳನ್ನು (ಸ್ಟೆಮ್ ಸೆಲ್) ವಾರಗಟ್ಟಲೆ ಬೆಳೆಸಿ ಕೊಡುವುದು. ಎರಡನೆಯ ವಿಧಾನವನ್ನು ಕೊರಿಯಾದ ವೈದ್ಯರು 18 ರೋಗಿಗಳಲ್ಲಿ ಪರೀಕ್ಷಿಸಿ 2014ರಲ್ಲಿ ವರದಿ ಮಾಡಿದರು. 10 ಕೋಟಿ ಕೋಶ ಪಡೆದವರಲ್ಲಿ ನೋವು ತಗ್ಗಿತ್ತು. ಆದರೆ ಹೋಲಿಸಿ ನೋಡಲು ಬರಿಯ ಲವಣಜಲ ಪಡೆದ ಗುಂಪು ಇರಲಿಲ್ಲ. ಸೂಜಿ ಚುಚ್ಚಿಸಿಕೊಂಡದ್ದರಿಂದಲೇ ಮಂಡಿನೋವು ಎಷ್ಟೋ ಮಂದಿಗೆ ಇಳಿಯುವುದರಿಂದ ಇದು ಸಣ್ಣ ಕೊರತೆಯಲ್ಲ. 2019ರಲ್ಲಿ ಕೊರಿಯಾದಲ್ಲೇ ಲವಣಜಲದೊಂದಿಗೆ ಹೋಲಿಸಿದ ಪ್ರಯೋಗ ನಡೆದು ಫಲಿತಾಂಶ ಆಶಾದಾಯಕವಾಗಿತ್ತಾದರೂ ಅದರಲ್ಲಿದ್ದವರು 24 ಮಂದಿ ಮಾತ್ರ. ಚುಚ್ಚಿದ ಕೋಶವೇ ಮೃದ್ವಸ್ಥಿಯಾಗುತ್ತದೆ ಎಂಬ ಮೊದಲಿನ ನಂಬಿಕೆಯೂ ಅಷ್ಟರಲ್ಲಿ ಸಡಿಲಿತ್ತು. ಇಂಥ ಕೋಶಗಳಿಗೆ ‘ಮೀಸೆಂಕೈಮಲ್ ಆಕರಕೋಶ’ ಎಂಬ ಹೆಸರನ್ನು ರೂಢಿಗೆ ತಂದ ಆರ್ನಾಲ್ಡ್ ಕ್ಯಾಪ್ಲನ್ ಅವರೇ, ಇವು ಉರಿಯೂತ ತಗ್ಗಿಸುವ ರಸಗಳನ್ನು ಸ್ರವಿಸುವ ಕೋಶಗಳು, ಹೆಸರು ಬದಲಿಸಿ ಎಂದು 2017ರಲ್ಲಿ ಬರೆದರು.

ವ್ಯಾಪಾರ ಪುರಾವೆಗೆ ಕಾಯಲಿಲ್ಲ. ರೋಗಿಯದೇ ಕೊಬ್ಬು, ಅದು ಔಷಧ ಹೇಗಾದೀತು ಎಂಬುದು ಅಮೆರಿಕದ ಖಾಸಗಿ ಕ್ಲಿನಿಕ್‌ಗಳ ವಾದ. ಕಿಣ್ವ ಹಾಕಿ ಬೇರ್ಪಡಿಸಿದ್ದು ಔಷಧವೇ ಎಂದಿತು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ. 2019ರಲ್ಲಿ ಫ್ಲಾರಿಡಾದ ನ್ಯಾಯಾಲಯ ಸಂಸ್ಥೆಯ ಮಾತನ್ನು ಒಪ್ಪಿತು. 2022ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಧೀಶರು ಒಪ್ಪಲಿಲ್ಲ. 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು.

ಈ ನಡುವೆ, 2023ರಲ್ಲಿ, ‘ನೇಚರ್ ಮೆಡಿಸಿನ್’ನಲ್ಲಿ ದೊಡ್ಡ ಪ್ರಯೋಗವೊಂದು ಪ್ರಕಟವಾಯಿತು. ಅಮೆರಿಕದ 475 ರೋಗಿಗಳಲ್ಲಿ ಕೊಬ್ಬಿನ ಗಸಿ, ಅಸ್ಥಿಮಜ್ಜೆಯ ಸಾರ, ಹೊಕ್ಕುಳಬಳ್ಳಿಯ ಕೋಶ ಮೂರನ್ನೂ ಅಗ್ಗದ ಸ್ಟಿರಾಯ್ಡ್ ಚುಚ್ಚುಮದ್ದಿನೊಂದಿಗೆ ಹೋಲಿಸಲಾಗಿತ್ತು. ವರ್ಷದ ಕೊನೆಗೆ ನೋವಿನಲ್ಲಿ ಯಾವುದೂ ಸ್ಟಿರಾಯ್ಡನ್ನು ಮೀರಿಸಲಿಲ್ಲ.

ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ರಕ್ತರೋಗಗಳಿಗೆ ಮಾಡುವ ರಕ್ತಜನಕ ಕೋಶಗಳ ಕಸಿಯನ್ನು ಬಿಟ್ಟು ಬೇರೆಲ್ಲ ಆಕರಕೋಶ ಬಳಕೆಯನ್ನು ಸಂಶೋಧನೆಯ ಮಿತಿಯಲ್ಲಿಟ್ಟಿತು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಕೋಶೋತ್ಪನ್ನಕ್ಕೆ ಮಂಡಿ ಸವೆತಕ್ಕಾಗಿ 2022ರಲ್ಲಿ ಪರವಾನಗಿ ದೊರೆತಿದೆ. ಅದು ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ್ದು, ಕೊಬ್ಬಿನದಲ್ಲ.