ದತ್ತಮಂಡಲದ ಮುಸಾಫರಿ ಬಂಗಲೆಗಳು

ದಾರಿಹೋಕರ ರಾತ್ರಿ ತಂಗುವಿಕೆಗೆಂದು ಸರ್ಕಾರ ಕಟ್ಟಿಸಿದ ಅಥವಾ ಹಳೆಯ ಕಟ್ಟಡವೊಂದನ್ನು ಮಾರ್ಪಡಿಸಿ ತೆರೆದಿಟ್ಟ ಮನೆಯೇ ಮುಸಾಫರಿ ಬಂಗಲೆ. ಜನರ ಬಾಯಲ್ಲಿ ಅದು ಟಿ.ಬಿ. (ಟ್ರಾವೆಲರ್ಸ್ ಬಂಗಲೆ) ಆಯಿತು, ತನಿಖೆಗೆ ಬರುವ ಅಧಿಕಾರಿಗಳಿಗೆ ಮೀಸಲಾದದ್ದು ಐ.ಬಿ. (ಇನ್‌ಸ್ಪೆಕ್ಷನ್ ಬಂಗಲೆ) ಎನಿಸಿತು. ಬಳ್ಳಾರಿ, ರಾಯದುರ್ಗ, ಬೆಳುಗುಪ್ಪ, ಕಲ್ಯಾಣದುರ್ಗ, ಅನಂತಪುರಗಳನ್ನು ಒಳಗೊಂಡ ಸೀಮೆಯಲ್ಲಿ ಈ ಬಂಗಲೆಗಳ ಹಿಂದೆ ಇನ್ನೂ ಹಳೆಯ ಕಟ್ಟಡಗಳ ಕಥೆ ಇದೆ. ಇಲ್ಲಿ ಅದು ಗುಡಿ, ಸೀಮೆಯಾಚೆ ಒಂದೆಡೆ ಮಸೀದಿ.

ಈ ನಾಡಿನಲ್ಲಿ ಪಯಣ ಸುಲಭದ್ದಲ್ಲ. ಅನಂತಪುರ ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ 550 ಮಿ.ಮೀ. ಆಸುಪಾಸು. ಕೆರೆ ಬತ್ತಿದ ವರ್ಷ ಹತ್ತು ಹರಿದಾರಿ ನಡೆದರೂ ಗುಟುಕು ನೀರಿಗೆ ಪರದಾಡಬೇಕಾಗುತ್ತಿತ್ತು. ಹಾಗಾಗಿ ದಾರಿಯ ಬದಿಯಲ್ಲಿ ಅರವಟ್ಟಿಗೆ, ಬಾವಿ, ಛತ್ರ ಕಟ್ಟಿಸುವುದು ಪುಣ್ಯದ ಕೆಲಸವೆನಿಸಿತ್ತು. ವಿಜಯನಗರದ ಕಾಲದಿಂದಲೂ ಗುಡಿಯ ಮುಂದಿನ ಮಂಟಪದಲ್ಲಿ ದೇವರ ಉತ್ಸವವೂ ನಡೆಯುತ್ತಿತ್ತು, ದಾರಿಹೋಕನ ನಿದ್ದೆಯೂ ಆಗುತ್ತಿತ್ತು. ಕಂಬಕ್ಕೆ ಒರಗಿ ಬುತ್ತಿ ಬಿಚ್ಚಿದವನನ್ನು ಯಾರೂ ಎಬ್ಬಿಸುತ್ತಿರಲಿಲ್ಲ.

1800ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ನಿಜಾಮ ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕೊಟ್ಟ ಸೀಮೆಯಾದ್ದರಿಂದ ಇದಕ್ಕೆ ದತ್ತಮಂಡಲ ಎಂಬ ಹೆಸರು ಬಂತು. 1928ರಲ್ಲಿ ರಾಯಲಸೀಮೆ ಎಂಬ ಹೆಸರು ಬರುವವರೆಗೂ ಅದೇ ನಡೆಯಿತು. 1800ರಿಂದ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಹಳ್ಳಿಹಳ್ಳಿ ಸುತ್ತಿ ಭೂಕಂದಾಯ ಗೊತ್ತುಮಾಡಿದವನು. ಅವನ ಕಚೇರಿ, ಮಲಗುವ ಮನೆ ಎರಡೂ ಡೇರೆಯೇ. ಆಗಿನ್ನೂ ಸರ್ಕಾರಿ ಬಂಗಲೆಗಳ ಸಾಲು ಹುಟ್ಟಿರಲಿಲ್ಲ.

ಮುಂದೆ ಮದರಾಸಿನ ಗವರ್ನರ್ ಆದ ಮನ್ರೋ 1827ರ ಜುಲೈ 6ರಂದು ಇದೇ ಸೀಮೆಯ ಪ್ರವಾಸದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾ ತಗುಲಿ ತೀರಿಕೊಂಡ. ಗುತ್ತಿ ಕೋಟೆಯ ಅಡಿಯಲ್ಲಿ ಅವನನ್ನು ಮಣ್ಣುಮಾಡಿದರು. 1831ರಲ್ಲಿ ದೇಹವನ್ನು ಮದರಾಸಿಗೆ ಒಯ್ದರು. ಅವನ ನೆನಪಿಗೆ ಪತ್ತಿಕೊಂಡದಲ್ಲಿ ತೋಪು, ಬಾವಿ ಆದವು. ಗುತ್ತಿಯಲ್ಲಿ ದಾರಿಹೋಕರಿಗಾಗಿ ಛತ್ರ ಎದ್ದಿತು. ಆಳುವವನ ನೆನಪಿಗೂ ಈ ನಾಡಿನವರು ನೆಚ್ಚಿದ ರೂಪವನ್ನೇ ಆರಿಸಿಕೊಂಡದ್ದು ಗಮನಿಸಬೇಕಾದ ಸಂಗತಿ. ನೆರಳು, ನೀರು, ತಂಗಲು ತಾಣ, ಇವುಗಳಿಗಿಂತ ದೊಡ್ಡ ಸ್ಮಾರಕ ಇಲ್ಲಿ ಬೇರೆ ಇರಲಿಲ್ಲ.

ಛತ್ರಗಳಲ್ಲಿ ಜಾತಿ, ಮಡಿ, ಅಡುಗೆಯ ಕಟ್ಟುಪಾಡುಗಳಿದ್ದವು. ಕಂಪನಿಯ ಯುರೋಪಿಯನ್ ಅಧಿಕಾರಿಗಳಿಗೆ ಬೇರೆ ಬಗೆಯ ವಸತಿ ಬೇಕಾಯಿತು. ಹೊಸದಾಗಿ ಕಟ್ಟಲು ಹಣವೂ ಸಮಯವೂ ಹಿಡಿಯುತ್ತದೆ. ಕಲ್ಲಿನ ಹಳೆಯ ಕಟ್ಟಡ ಕಣ್ಣೆದುರಿಗೇ ಇತ್ತು. ಹಂಪಿಗೆ ತಾಗಿದ ಕಮಲಾಪುರದಲ್ಲಿ ವಿಜಯನಗರ ಕಾಲದ ಗುಡಿಯೊಂದನ್ನೇ ಬಂಗಲೆಯಾಗಿ ಮಾರ್ಪಡಿಸಿದರು. ಅಂಥ ಕಟ್ಟಡ ಮನೆಯಾಗುವ ಬಗೆ ಸರಳ. ಕಗ್ಗಲ್ಲಿನ ಕಂಬಗಳು ಚಪ್ಪಡಿಯ ಮಾಳಿಗೆಯನ್ನು ಹೊತ್ತು ನಿಂತಿರುತ್ತವೆ. ಕಂಬಗಳ ನಡುವಿನ ತೆರಪಿಗೆ ಗೋಡೆ ಎಬ್ಬಿಸಿ, ಬಾಗಿಲು ಕಿಟಕಿ ಕೂರಿಸಿ, ಸುಣ್ಣ ಬಳಿದರೆ ಕೋಣೆ ಸಿದ್ಧ. ಬೇಸಿಗೆಯಲ್ಲಿ ದಪ್ಪ ಕಲ್ಲಿನ ತಂಪು, ಮಳೆಗಾಲದಲ್ಲಿ ಸೋರದ ಮಾಡು. ಗುಡಿಯೆನಿಸಿದ್ದು ಮಲಗುವ ಮನೆಯಾದಾಗ ಆಗುವ ನಷ್ಟ ಮಾತ್ರ ಲೆಕ್ಕದ ಪುಸ್ತಕದಲ್ಲಿ ಸೇರುವಂಥದ್ದಲ್ಲ. ಯಾರು ಯಾವ ಪೂಜೆಗಾಗಿ ಕಟ್ಟಿಸಿದರೆಂಬ ನೆನಪು ಸುಣ್ಣದ ಕೆಳಗೆ ಮುಚ್ಚಿಹೋಗುತ್ತದೆ. ಆದರೂ ಬಳಕೆಯಲ್ಲಿದ್ದ ಕಟ್ಟಡಕ್ಕೆ ಮಾಡು ಉಳಿಯಿತು. ಬಳಕೆ ತಪ್ಪಿದ ಎಷ್ಟೋ ಮಂಟಪಗಳ ಚಪ್ಪಡಿಗಳು ಬಿರಿದು ನೆಲಕ್ಕೆ ಬಿದ್ದವು. ಈ ಎರಡನ್ನೂ ಒಟ್ಟಿಗೆ ನೋಡದೆ ತೀರ್ಪು ಕೊಡುವುದು ಸರಿಯಲ್ಲ.

1880ರ ದಶಕದಲ್ಲಿ ಹೊಸಪೇಟೆಗೆ ರೈಲು ಬಂದ ಮೇಲೆ ಹಂಪಿ ನೋಡಲು ಬರುವವರು ಹೆಚ್ಚಿದರು. ರೈಲಿಳಿದು ಗಾಡಿಯಲ್ಲಿ ಕಮಲಾಪುರಕ್ಕೆ ಬಂದು, ಬಂಗಲೆಯಲ್ಲಿ ತಂಗಿ, ಬೆಳಗ್ಗೆ ಹಾಳುಬಿದ್ದ ಊರನ್ನು ನೋಡಲು ಹೊರಡುವುದು ರೂಢಿಯಾಯಿತು. ಹಾಳು ಸಾಮ್ರಾಜ್ಯವನ್ನು ಅರಸಿ ಬಂದವರು ಆ ಸಾಮ್ರಾಜ್ಯದ ಒಂದು ತುಣುಕಿನೊಳಗೇ ಮಲಗಿ ಏಳುತ್ತಿದ್ದರು.

ಬಂಗಲೆಗಳ ಒಳ ಏರ್ಪಾಡು ಹೆಚ್ಚುಕಡಿಮೆ ಎಲ್ಲೆಡೆ ಒಂದೇ ಬಗೆಯದು. ಸುತ್ತಲೂ ಜಗಲಿ, ನಡುವೆ ಊಟದ ಹಾಲು, ಎರಡು ಪಕ್ಕಕ್ಕೂ ಒಂದೊಂದು ಮಲಗುವ ಕೋಣೆ, ಅದಕ್ಕೆ ಅಂಟಿದ ಬಚ್ಚಲು. ನೀರು ಹೊತ್ತು ತರುವವನು ಮನೆಯೊಳಗೆ ಹಾಯದೆ ಬಂದು ಹೋಗಲೆಂದು ಬಚ್ಚಲಿಗೆ ಹೊರಗಿನಿಂದಲೂ ಒಂದು ಬಾಗಿಲು. ಗೋಡೆಯಲ್ಲಿ ಪಂಖದ ಹಗ್ಗ ಹಾಯುವ ತೂತು; ಜಗಲಿಯಲ್ಲಿ ಕುಳಿತ ಆಳು ಅದನ್ನು ಎಳೆದರೆ ಒಳಗೆ ಗಾಳಿ. ಹೊಗೆ, ಬೆಂಕಿಯ ಭಯಕ್ಕೆ ಕುಶಿನಿ ಮನೆ ಹಿತ್ತಲಲ್ಲಿ ದೂರ, ಅದರ ಪಕ್ಕ ಕುದುರೆ ಲಾಯ. ಮಂಚ, ಮೇಜು, ಪಿಂಗಾಣಿ ಬಟ್ಟಲು ಬಂಗಲೆಯದೇ. ಹಾಸಿಗೆ ತಂದುಕೊಳ್ಳುವುದು ಬಂದವರ ಪಾಡು. ಅಡುಗೆಗೂ ಮೇಲ್ವಿಚಾರಣೆಗೂ ಇದ್ದವನು ಮೇಟಿ. ಕೋಳಿಯನ್ನು ಹಿಡಿಯುವುದರಿಂದ ಹಿಡಿದು ದಿನಚರಿ ಪುಸ್ತಕದಲ್ಲಿ ಬಂದವರ ಸಹಿ ಹಾಕಿಸುವವರೆಗೆ ಎಲ್ಲ ಅವನದೇ. ಕರ್ನಾಟಕದ ಐ.ಬಿ.ಗಳಲ್ಲಿ ಈ ಹೆಸರು ಇಂದಿಗೂ ಬಳಕೆಯಲ್ಲಿದೆ.

ಖರ್ಚಿನ ಹೊಣೆ ಕ್ರಮೇಣ ಸ್ಥಳೀಯ ಸಂಸ್ಥೆಗಳ ಮೇಲೆ ಬಂತು. ಮದರಾಸು ಪ್ರಾಂತ್ಯದಲ್ಲಿ 1871ರ ಲೋಕಲ್ ಫಂಡ್ ಕಾಯಿದೆ, 1884ರ ಲೋಕಲ್ ಬೋರ್ಡ್ ಕಾಯಿದೆಗಳ ಮೂಲಕ ರಸ್ತೆ, ಶಾಲೆ, ಆಸ್ಪತ್ರೆಗಳ ಜೊತೆಗೆ ಛತ್ರ, ಬಂಗಲೆಗಳೂ ಬೋರ್ಡುಗಳ ಸುಪರ್ದಿಗೆ ಸೇರಿದವು. ರೈತನ ಸೆಸ್ಸಿನಿಂದಲೇ ಈ ಬಂಗಲೆಗಳ ಸುಣ್ಣಬಣ್ಣ ನಡೆಯಿತು. ಆದರೆ ಆ ರೈತ ಅಲ್ಲಿ ಮಲಗಿದ್ದು ಅಪರೂಪ. ಅವನ ಪಾಲಿಗೆ ಜಗಲಿಯ ಹೊರಗಿನ ಹುಣಸೆಮರದ ನೆರಳೇ ಗತಿ.

ಹಳೆಯ ಕಟ್ಟಡ ಬಂಗಲೆಯಾದ ಕಥೆ ದತ್ತಮಂಡಲದಾಚೆಯ ವಿಜಯಪುರದಲ್ಲಿ ಇನ್ನೊಂದು ತಿರುವು ಪಡೆಯಿತು. 1880ರ ದಶಕದಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಅಲ್ಲಿಗೆ ಬಂದಾಗ ಆದಿಲ್‌ಶಾಹಿ ಕಟ್ಟಡಗಳನ್ನೇ ಕಚೇರಿ, ಮನೆಗಳಾಗಿ ಬಳಸಿಕೊಂಡರು. ಗೋಳಗುಮ್ಮಟದ ಆವರಣದ ಮಸೀದಿ ದಾರಿಹೋಕರ ಬಂಗಲೆಯಾಯಿತು. ಇನ್ನೊಂದು ಮಸೀದಿಯಲ್ಲಿ ಅಂಚೆ ಕಚೇರಿ ನಡೆಯಿತು. 1900ರಲ್ಲಿ ಅಲ್ಲಿಗೆ ಬಂದ ವೈಸ್‌ರಾಯ್ ಕರ್ಜನ್ ಇದನ್ನು ಕಂಡು ಸಹಿಸಲಿಲ್ಲ. ಬಂಗಲೆಯನ್ನೂ ಅಂಚೆಯನ್ನೂ ಅಲ್ಲಿಂದ ಎಬ್ಬಿಸಿದ್ದನ್ನು 1904ರ ಮಾರ್ಚ್‌ನಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ ಅಂಗೀಕಾರವಾದಾಗ ತನ್ನ ಭಾಷಣದಲ್ಲಿ ಹೆಸರಿಸಿಯೇ ಹೇಳಿದ. ಮಸೀದಿಯ ಒಳಗಿದ್ದ ಮಂಚ, ಮೇಜುಗಳು ಹೋದವು. ಸಂಗತವಾದ ತಿದ್ದುಪಡಿ ಅದು. ಗೋಳಗುಮ್ಮಟದ ನಗಾರಖಾನೆ ಮಾತ್ರ ವಸ್ತುಸಂಗ್ರಹಾಲಯವಾಗಿ ಉಳಿಯಿತು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ರಾಯದುರ್ಗ, ಆಲೂರು, ಆದೋನಿ ತಾಲ್ಲೂಕುಗಳು ಆ ಕಡೆಗೆ, ಬಳ್ಳಾರಿ, ಹೊಸಪೇಟೆ ಮುಂತಾದವು ಮೈಸೂರಿಗೆ ಸೇರಿದವು. ಬಂಗಲೆಗಳೂ ಹಂಚಿಹೋದವು. ಕಮಲಾಪುರದ್ದು ಮೈಸೂರಿನ ಲೋಕೋಪಯೋಗಿ ಇಲಾಖೆಗೆ ಬಂದರೆ ಗಡಿಯಾಚೆಯವು ಆಂಧ್ರದ ರಸ್ತೆ ಮತ್ತು ಕಟ್ಟಡ ಇಲಾಖೆಗೆ ಸಂದವು. ಆ ಕಡೆಯ ಜನ ಅವನ್ನು ಆರ್ ಅಂಡ್ ಬಿ ಎಂದು ಕರೆದರು, ಈ ಕಡೆಯವರು ಐ.ಬಿ. ಎಂಬ ಹಳೆಯ ಮಾತನ್ನೇ ಉಳಿಸಿಕೊಂಡರು. ಒಂದೇ ಜಿಲ್ಲೆಯ ಒಂದೇ ಬಗೆಯ ಮನೆಗೆ ಎರಡು ಹೆಸರಾಯಿತು.

ಕಾರು, ಬಸ್ಸು, ಲಾಡ್ಜುಗಳು ಬಂದ ಮೇಲೆ ಪ್ರಯಾಣ ಹಗಲಲ್ಲೇ ಮುಗಿಯತೊಡಗಿತು.  ಬಂಗಲೆಗಳಲ್ಲಿ ಕೆಲವು ಈಗ ತಹಸೀಲ್ದಾರರ ಸಭೆಗೆ, ಕೆಲವು ಚುನಾವಣೆಯ ದಿನಗಳಲ್ಲಿ ನಾಯಕರ ವಿಶ್ರಾಂತಿಗೆ ಸಲ್ಲುತ್ತವೆ. ಫಲಕದ ಮೇಲೆ ಪ್ರವಾಸಿ ಮಂದಿರ ಎಂದಿದೆ. ದೊಡ್ಡಬಳ್ಳಾಪುರದಂಥ ಊರುಗಳಲ್ಲಿ ಬಸ್ಸಿನವರು ನಿಲ್ಲಿಸಿ ಕೂಗುವುದು ಇವತ್ತಿಗೂ ಟಿ.ಬಿ. ಸರ್ಕಲ್ ಎಂದೇ.