ಕಾರಿಗೆ ನಂಬರ್ ಪ್ಲೇಟ್ ಕೂರಿಸಿದ ಬಗೆ: ಬಿಡದಿಯ ದಾರಿಯಲ್ಲಿ ಒಂದು ಚರಿತ್ರೆ

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಹೊರಬೀಳುವ ಕಾರಿಗೆ ಎಂಜಿನ್ ನಂಬರ್ ಇರುತ್ತದೆ, ಚಾಸಿ ನಂಬರ್ ಇರುತ್ತದೆ. ಊರಿನ ನಂಬರ್ ಮಾತ್ರ ಇರುವುದಿಲ್ಲ. ಅದನ್ನು ಕಟ್ಟುವ ಜಾಗವಷ್ಟೇ ಮುಂದೆ ಮತ್ತು ಹಿಂದೆ ಸಿದ್ಧವಾಗಿರುತ್ತದೆ. ಯಾವ ರಾಜ್ಯ, ಯಾವ ಕಚೇರಿ, ಎಷ್ಟನೆಯ ಸಂಖ್ಯೆ ಎಂಬುದೆಲ್ಲ ಕಾರು ಮಾರಾಟವಾದ ಮೇಲೆ ತೀರ್ಮಾನವಾಗುತ್ತದೆ. ಆ ಖಾಲಿ ಜಾಗಕ್ಕೆ ಫಲಕವನ್ನು ಹೇಗೆ ಕೂರಿಸಬೇಕು ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ.

1893ರ ಆಗಸ್ಟ್ 14ರಂದು ಪ್ಯಾರಿಸ್ ಪೊಲೀಸರು ಹೊರಡಿಸಿದ ಆಜ್ಞೆಯೇ ಇದರ ಮೊದಲ ಹೆಜ್ಜೆ. ಪ್ರತಿ ಮೋಟಾರು ಗಾಡಿಯೂ ಮಾಲೀಕನ ಹೆಸರು, ವಿಳಾಸ ಮತ್ತು ಸಂಖ್ಯೆ ಇರುವ ಲೋಹದ ಫಲಕವನ್ನು ಎಡಬದಿಯಲ್ಲಿ ಹೊತ್ತಿರಬೇಕು, ಅದನ್ನು ಎಂದೂ ಮರೆಮಾಡಬಾರದು ಎಂದು ಆ ಆಜ್ಞೆ ಹೇಳಿತು. ಬ್ರಿಟನ್ನಿನಲ್ಲಿ 1904ರ ಜನವರಿ 1ರಿಂದ ನಂಬರ್ ಕಡ್ಡಾಯವಾಯಿತು. ಬ್ರಿಟಿಷ್ ಭಾರತಕ್ಕೆ 1914ರಲ್ಲಿ ಮೊದಲ ಮೋಟಾರು ವಾಹನ ಕಾಯ್ದೆ ಬಂತು, 1939ರ ಕಾಯ್ದೆ ಅದರ ಜಾಗ ತುಂಬಿತು. ಮರೆಮಾಡಬಾರದು ಎಂಬ ಪ್ಯಾರಿಸ್‌ನ ಮಾತು ಮಾತ್ರ ಎಲ್ಲ ಕಾನೂನುಗಳಲ್ಲೂ ಉಳಿದುಕೊಂಡಿತು. ನಂಬರ್ ಪ್ಲೇಟಿನ ವಿಷಯದಲ್ಲಿ ಅಂದ ಎಂಬುದು ಈ ಮಾತಿಗೆ ಅಡಿಯಾಳು. ಎಷ್ಟೇ ಚೆಂದವಾಗಿ ಕೂರಿಸಿದ್ದರೂ ಓದಲಾಗದ ಫಲಕ ಕೆಟ್ಟ ಫಲಕವೇ.

ಮೈಸೂರು ರಾಜ್ಯದ ವಾಹನಗಳು 'ಎಂವೈ' ಮತ್ತು 'ಎಂಇ'ಯಿಂದ ಶುರುವಾಗುವ ಅಕ್ಷರಗಳನ್ನು ಹೊತ್ತವು. ಮುಂದೆ 'ಸಿಎ', 'ಸಿಕೆ' ಸಾಲುಗಳು ಸೇರಿದವು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾದರೂ ಹಳೆಯ ಕಾರುಗಳ ಹಣೆಯ ಮೇಲಿನ 'ಎಂವೈ' ಅಳಿಯಲಿಲ್ಲ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಹಾದುಹೋಗುತ್ತಿದ್ದ ಅಂಬಾಸಿಡರ್ ಮತ್ತು ಪದ್ಮಿನಿ ಕಾರುಗಳಿಗೆ ಉಕ್ಕಿನ ಬಂಪರ್ ಇತ್ತು. ಅದಕ್ಕೆ ಕಬ್ಬಿಣದ ಪಟ್ಟಿ ಬಿಗಿದು, ಪಟ್ಟಿಗೆ ತಗಡಿನ ಫಲಕವನ್ನು ಬೋಲ್ಟ್–ನಟ್ಟಿನಿಂದ ಕಟ್ಟುವುದು ವಾಡಿಕೆ. ಕಪ್ಪು ತಗಡಿನ ಮೇಲೆ ಬಿಳಿ ಅಕ್ಷರ ಬರೆಯುತ್ತಿದ್ದವರು ಅಂಗಡಿ ಬೋರ್ಡು ಬರೆಯುವ ಪೇಂಟರುಗಳೇ. ಪೆನ್ಸಿಲಿನಲ್ಲಿ ಗೆರೆ ಎಳೆದು, ಅಕ್ಷರಗಳ ನಡುವೆ ಅಳತೆ ಬಿಟ್ಟು, ಎನಾಮಲ್ ಬಣ್ಣ ತುಂಬುವುದು ಕೈಹದದ ಕೆಲಸ. ಬೋಲ್ಟಿನ ತಲೆಗೂ ಕಪ್ಪು ಬಣ್ಣ ಹಚ್ಚಿ, ಅದು ಅಕ್ಷರದ ಮೈಮೇಲೆ ಚುಕ್ಕೆಯಂತೆ ಕಾಣದ ಹಾಗೆ ಮಾಡಿದರೆ ಪೇಂಟರನ ಕೆಲಸ ಪೂರ್ತಿಯಾಯಿತು. ಸ್ಪ್ರಿಂಗ್ ವಾಷರ್ ಹಾಕದಿದ್ದರೆ ರಸ್ತೆಯ ಕುಲುಕಾಟಕ್ಕೆ ನಟ್ಟು ಸಡಿಲವಾಗಿ ತಗಡು ಗಡಗಡ ಸದ್ದು ಮಾಡುತ್ತಿತ್ತು.

1989ರ ಜುಲೈ 1ರಂದು ಹೊಸ ಮೋಟಾರು ವಾಹನ ಕಾಯ್ದೆ ಜಾರಿಯಾಯಿತು. 'ಕೆಎ' ಬಂದದ್ದು ಆಗ. ಜೊತೆಗೆ ಕಚೇರಿಯ ಎರಡಂಕಿಯ ಸಂಕೇತ. ಬಿಡದಿ ಸೇರುವ ರಾಮನಗರ ಪ್ರಾದೇಶಿಕ ಸಾರಿಗೆ ಕಚೇರಿಯದು ಕೆಎ 42. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಜಿಲ್ಲೆಯಾದವು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಊರಿನ ಹೆಸರು ಬದಲಾದರೂ ಕಾರಿನ ಮೇಲಿನ ಹಳೆಯ ಗುರುತು ಉಳಿಯುವುದು 'ಎಂವೈ' ಕಾಲದಿಂದಲೂ ಕಂಡದ್ದೇ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 50 ಮತ್ತು 51ನೆಯವು ಫಲಕಕ್ಕೆ ಸಂಬಂಧಿಸಿದವು. ಕಾರಿನ ಅಕ್ಷರ 65 ಮಿಲಿಮೀಟರ್ ಎತ್ತರ, 10 ಮಿಲಿಮೀಟರ್ ದಪ್ಪ ಇರಬೇಕು. ಅಕ್ಷರಗಳ ನಡುವೆ 10 ಮಿಲಿಮೀಟರ್ ಅಂತರ ಬೇಕು. ಫಲಕಕ್ಕೆ ಎರಡು ಅಳತೆಗಳಿವೆ: ಒಂದೇ ಸಾಲಿನ ಉದ್ದನೆಯದು 500ಕ್ಕೆ 120 ಮಿಲಿಮೀಟರ್, ಎರಡು ಸಾಲಿನದು 340ಕ್ಕೆ 200. ಈ ಆಯ್ಕೆಯನ್ನು ಮಾಲೀಕನಿಗಿಂತ ಮೊದಲು ಕಾರಿನ ಮೈಕಟ್ಟೇ ಮಾಡಿರುತ್ತದೆ. ಒಂದೇ ಮಾದರಿಯ ಕಾರು ಹಲವು ದೇಶಗಳಲ್ಲಿ ಮಾರಾಟವಾಗುತ್ತದೆ. ಜಪಾನಿನ ಫಲಕ 330ಕ್ಕೆ 165 ಮಿಲಿಮೀಟರ್, ಯುರೋಪಿನದು ಸುಮಾರು 520ಕ್ಕೆ 110. ಡಿಕ್ಕಿಯ ಬಾಗಿಲಿನ ತಗ್ಗು ಯಾವ ಅಳತೆಗೆ ಹತ್ತಿರವೋ ಆ ಆಕಾರದ ಫಲಕವೇ ಅಲ್ಲಿ ಒಪ್ಪುತ್ತದೆ. ಬಣ್ಣ ಬದಲಾದದ್ದು 2001ರಲ್ಲಿ: ಖಾಸಗಿ ಕಾರಿಗೆ ಬಿಳಿ ಮೇಲೆ ಕಪ್ಪು, ಬಾಡಿಗೆ ವಾಹನಕ್ಕೆ ಹಳದಿ ಮೇಲೆ ಕಪ್ಪು. ಪೇಂಟರುಗಳ ಕಪ್ಪು ತಗಡು ಅಲ್ಲಿಗೆ ಹಿಂದೆ ಸರಿಯಿತು.

ಅದೇ ಹೊತ್ತಿಗೆ ಬಿಡದಿಯೂ ಬದಲಾಗುತ್ತಿತ್ತು. ಟೊಯೋಟಾ ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾದದ್ದು 1997ರಲ್ಲಿ. 1999ರ ಕೊನೆಗೆ ಇಲ್ಲಿ ಕ್ವಾಲಿಸ್ ತಯಾರಿಕೆ ಶುರುವಾಯಿತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು, 2010ರ ಕೊನೆಗೆ ಎಟಿಯೋಸ್. ತಟ್ಟೆ ಇಡ್ಲಿಗೆ ಹೆಸರಾದ ಊರು ಕಾರಿನ ಊರೂ ಆಯಿತು.

ಈ ತಲೆಮಾರಿನ ಕಾರುಗಳಲ್ಲಿ ಉಕ್ಕಿನ ಬಂಪರ್ ಹೋಗಿ ಬಾಗಿದ ಪ್ಲಾಸ್ಟಿಕ್ ಬಂಪರ್ ಬಂದದ್ದು ನಂಬರ್ ಪ್ಲೇಟಿನ ಚರಿತ್ರೆಯಲ್ಲಿ ದೊಡ್ಡ ತಿರುವು. ಬಾಗಿದ ಮೈಗೆ ಚಪ್ಪಟೆ ತಗಡನ್ನು ನೇರವಾಗಿ ಬಿಗಿದರೆ ತಗಡಿನ ಅಂಚು ಮೇಲೇಳುತ್ತದೆ ಇಲ್ಲವೇ ಬಂಪರ್ ಸೆಳೆತಕ್ಕೆ ಸಿಗುತ್ತದೆ. ಅದಕ್ಕೆಂದೇ ಪ್ಲಾಸ್ಟಿಕ್ ಫ್ರೇಮುಗಳು ಬಂದವು: ಮೊದಲು ಫ್ರೇಮನ್ನು ಬಂಪರಿಗೆ ಸ್ಕ್ರೂನಿಂದ ಬಿಗಿದು, ಆಮೇಲೆ ಫಲಕವನ್ನು ಅದರೊಳಗೆ ಕೂರಿಸುವುದು. ಅವಸರದ ಅಂಗಡಿಗಳಲ್ಲಿ ಬಂಪರಿಗೆ ಕಂಡಕಂಡಲ್ಲಿ ಡ್ರಿಲ್ ಹೊಡೆಯುವ ಚಾಳಿ ಬೆಳೆಯಿತು. ಕಂಪನಿಯೇ ಬಿಟ್ಟ ತೂತುಗಳನ್ನು ಹುಡುಕಿ ಬಳಸುವುದು ಸರಿಯಾದ ಕ್ರಮ. ಹೊಸ ತೂತು ಕೊರೆಯಲೇಬೇಕಾದರೆ ಕಾರಿನ ನಡುಗೆರೆ ಹಿಡಿದು, ಫಲಕವನ್ನು ಮಟ್ಟಸವಾಗಿಟ್ಟು, ಗುರುತು ಹಾಕಿ ಕೊರೆಯಬೇಕು. ಸಾದಾ ಉಕ್ಕಿನ ಸ್ಕ್ರೂ ಒಂದೆರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಬಿಳಿ ಫಲಕದ ಮೇಲೆ ಕೆಂಪು ಗೆರೆ ಇಳಿಸುತ್ತದೆ. ಸ್ಟೇನ್‌ಲೆಸ್ ಸ್ಕ್ರೂ, ಅದರಡಿ ನೈಲಾನ್ ವಾಷರ್, ಫಲಕದ ಬೆನ್ನಿಗೆ ತೆಳುವಾದ ಫೋಮ್ ಹಾಕಿದರೆ ತುಕ್ಕೂ ಇಲ್ಲ, ಸದ್ದೂ ಇಲ್ಲ. ಎರಡೂ ಬದಿ ಅಂಟುವ ಟೇಪನ್ನೇ ನಂಬಿದವರ ಫಲಕ ಬೇಸಿಗೆಯ ಬಿಸಿಲಿಗೆ ಅಂಟು ಬಿಟ್ಟು ಎಲ್ಲೋ ಬಿದ್ದುಹೋಗುತ್ತದೆ.

ಅಂಟು ಸ್ಟಿಕ್ಕರ್ ಬಂದ ಮೇಲೆ ಸೊಗಸಿನ ಹುಚ್ಚು ಹೆಚ್ಚಿತು. 8055 ಎಂಬ ಅಂಕಿಯನ್ನು ತಿರುಚಿ 'ಬಾಸ್' ಎಂದು ಓದಿಸುವುದು, ಅಂಕಿಗಿಂತ ದೊಡ್ಡದಾಗಿ ದೇವರ ಹೆಸರನ್ನೋ ಸಂಘದ ಹುದ್ದೆಯನ್ನೋ ಬರೆಸುವುದು ಸಾಮಾನ್ಯವಾಯಿತು. ಆಯುಧಪೂಜೆಯ ದಿನ ಕಾರಿನ ಮುಖಕ್ಕೆ ಕಟ್ಟಿದ ಬಾಳೆಕಂದು ಮತ್ತು ಹೂಮಾಲೆ ಮರುದಿನವೂ ಫಲಕದ ಮೇಲೆ ಇಳಿಬಿದ್ದಿರುವುದುಂಟು. ಪೂಜೆ ಸಲ್ಲಬೇಕಾದದ್ದೇ, ಹಾರವನ್ನು ಒಂದು ಗೇಣು ಮೇಲೆ ಕಟ್ಟಿದರೆ ಕಾನೂನಿಗೂ ಮರ್ಯಾದೆ.

ಈ ಸ್ವಾತಂತ್ರ್ಯಕ್ಕೆ ಕೊನೆ ಹಾಡಿದ್ದು ಅತಿ ಸುರಕ್ಷಿತ ನೋಂದಣಿ ಫಲಕ, ಜನರ ಬಾಯಲ್ಲಿ ಎಚ್‌ಎಸ್‌ಆರ್‌ಪಿ. ಅದರ ವಿವರ ನಿಯಮಕ್ಕೆ ಸೇರಿದ್ದು 2001ರಲ್ಲೇ. ಹೊಸ ವಾಹನಗಳಿಗೆ ಅದನ್ನು ತಯಾರಕರೇ ಒದಗಿಸಬೇಕೆಂಬ ಪದ್ಧತಿ ಜಾರಿಗೆ ಬಂದದ್ದು 2019ರ ಏಪ್ರಿಲ್ 1ರಿಂದ. ಫಲಕ 1 ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ. ಎಡಗಡೆ ಅಶೋಕ ಚಕ್ರದ ಹಾಲೊಗ್ರಾಂ, ಅದರ ಕೆಳಗೆ ನೀಲಿಯಲ್ಲಿ 'ಐಎನ್‌ಡಿ', ಲೇಸರಿನಿಂದ ಕೊರೆದ ಗುರುತಿನ ಸಂಖ್ಯೆ. ಜೋಡಣೆಯ ದೃಷ್ಟಿಯಿಂದ ಇದರಲ್ಲಿ ಮುಖ್ಯವಾದದ್ದು ಸ್ನ್ಯಾಪ್ ಲಾಕ್. ಹಿಂಬದಿಯ ಫಲಕವನ್ನು ಕನಿಷ್ಠ ಎರಡು ಸ್ನ್ಯಾಪ್ ಲಾಕ್‌ಗಳಿಂದ ಭದ್ರಪಡಿಸಬೇಕು. ಒಮ್ಮೆ ಕೂತ ಲಾಕ್ ಬಿಚ್ಚಲು ಬಾರದು, ಮುರಿದು ತೆಗೆದರೆ ಮತ್ತೆ ಬಳಸಲೂ ಬಾರದು. ಕದ್ದ ಕಾರಿಗೆ ಬೇರೆ ಫಲಕ ತೊಡಿಸುವುದು ಹಿಂದೆ ಒಂದು ಸ್ಪ್ಯಾನರಿನ ಕೆಲಸವಾಗಿತ್ತು. ಈಗ ಅಷ್ಟು ಸುಲಭವಲ್ಲ. ಪೇಂಟರನ ಕೈಯಲ್ಲೂ ಸ್ಟಿಕ್ಕರ್ ಅಂಗಡಿಯಲ್ಲೂ ಇದ್ದ ಕೆಲಸ ಡೀಲರನ ಶೋರೂಮಿಗೆ ಹೋಯಿತು. ಒಂದು ಕೈಕಸುಬು ಕರಗಿದ್ದು ನಷ್ಟ. ಆದರೂ ಫಲಕದ ಉದ್ದೇಶಕ್ಕೆ ಈ ಲಾಕ್ ಹೆಚ್ಚು ನಿಷ್ಠವಾದದ್ದು.

2019ರ ಏಪ್ರಿಲ್‌ಗಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಈ ಫಲಕ ಹಾಕಿಸಬೇಕೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು. ನವೆಂಬರ್ 17ರ ಮೊದಲ ಗಡುವು 2024ರ ಫೆಬ್ರವರಿಗೆ, ಅಲ್ಲಿಂದ ಮೇ 31ಕ್ಕೆ, ಮತ್ತೆ ಸೆಪ್ಟೆಂಬರ್ 15ಕ್ಕೆ ಸರಿಯಿತು. ಹಳೆಯ ಕ್ವಾಲಿಸ್‌ಗಳಿಗೂ ಮೊದಲ ಇನ್ನೋವಾಗಳಿಗೂ ಹೀಗೆ ಹೊಸ ಫಲಕದ ಸರದಿ ಬಂತು.

ಇಷ್ಟರಲ್ಲಿ ಫಲಕವನ್ನು ಓದುವವರೂ ಬದಲಾಗಿದ್ದರು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಡದಿಯ ಬಳಿಯ ಕಣಿಮಿಣಿಕೆ ಮತ್ತು ಶೇಷಗಿರಿಹಳ್ಳಿಗಳಲ್ಲಿ ಟೋಲ್ ಕೇಂದ್ರಗಳು ಶುರುವಾದವು. ಮರುವರ್ಷದ ಹೊತ್ತಿಗೆ ವೇಗ ಮೀರಿದ ವಾಹನಗಳ ನಂಬರನ್ನು ಹಿಡಿಯುವ ಕ್ಯಾಮೆರಾಗಳೂ ಬಂದವು. ಪೊಲೀಸನ ಕಣ್ಣು ಅಂದಾಜಿನಲ್ಲಿ ಓದಿಕೊಳ್ಳುತ್ತಿದ್ದ ಓರೆ ಅಕ್ಷರವನ್ನು ಕ್ಯಾಮೆರಾ ತಪ್ಪಾಗಿ ಓದಬಹುದು, ಆ ದಂಡ ಯಾರದೋ ಮನೆಗೆ ಹೋಗಬಹುದು. ಹಿಂಬದಿಯ ನಂಬರ್ ರಾತ್ರಿ 15 ಮೀಟರ್ ದೂರದಿಂದ ಓದಲು ಬರುವಂತೆ ಬಿಳಿ ದೀಪ ಉರಿಯಬೇಕೆಂಬ ನಿಯಮವೂ ಇದೆ. ಫಲಕ ಮಟ್ಟಸವಾಗಿದೆಯೇ, ಎರಡೂ ಲಾಕ್ ಗಟ್ಟಿಯಾಗಿವೆಯೇ, ಮೇಲಿನ ಪುಟ್ಟ ಬಲ್ಬು ಉರಿಯುತ್ತಿದೆಯೇ ಎಂದು ಕಾರು ಹೊರಡಿಸುವ ಮುನ್ನ ಒಮ್ಮೆ ಹಿಂದೆ ಹೋಗಿ ನೋಡಿ.