ಹೆಣ್ಣುಮಕ್ಕಳ ಸಾಗಣೆ: ಚಿಕ್ಕೋಡಿ–ಅಥಣಿ ಗಡಿಸೀಮೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಿಂದ ಸಾಂಗಲಿ, ಮಿರಜ್, ಪುಣೆ, ಮುಂಬಯಿಗಳ ಲೈಂಗಿಕ ದಂಧೆಯ ಓಣಿಗಳಿಗೆ ಹೆಣ್ಣುಮಕ್ಕಳನ್ನು ಒಯ್ದ ಚರಿತ್ರೆ. ದಾಖಲೆಗಳು ಎರಡು ಕಡೆ ಹಂಚಿಹೋಗಿವೆ. ದೇವದಾಸಿ ಸಮೀಕ್ಷೆಗಳು ಮುತ್ತು ಕಟ್ಟಿಸಿಕೊಂಡವರನ್ನು, ಅಂದರೆ ದೇವರಿಗೆ ಅರ್ಪಿತರಾದವರನ್ನು, ಎಣಿಸುತ್ತವೆ, ಪೊಲೀಸ್ ಕಡತಗಳು ದಾಳಿಯಲ್ಲಿ ಸಿಕ್ಕವರನ್ನು. ನಡುವಿನ ದಾರಿ ಎರಡರಲ್ಲೂ ಸರಿಯಾಗಿ ಕಾಣುವುದಿಲ್ಲ.

ಸವದತ್ತಿ ಮತ್ತು ಅಥಣಿ ತಾಲ್ಲೂಕಿನ ಕೋಕಟನೂರಿನ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟುವ ಪದ್ಧತಿ ಪರಿಚಿತವೇ. ಕಾನೂನಿನ ವಿಷಯದಲ್ಲಿ ಮಾತ್ರ ಗೊಂದಲವಿದೆ. ಇಡೀ ಸೀಮೆಗೆ 1934ರ ಮುಂಬಯಿ ಕಾಯ್ದೆಯೇ ಮೊದಲನೆಯದು ಎನ್ನುವುದು ಸರಿಯಲ್ಲ. ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಅಲ್ಲಿ ಶಾಹೂ ಮಹಾರಾಜರು 1920ರಲ್ಲೇ ಈ ಪದ್ಧತಿಯನ್ನು ನಿಷೇಧಿಸಿದ್ದರು. ಬ್ರಿಟಿಷ್ ಆಡಳಿತದ ಅಥಣಿ, ಚಿಕ್ಕೋಡಿಗಳು ಇನ್ನೂ ಹದಿನಾಲ್ಕು ವರ್ಷ ಕಾಯಬೇಕಾಯಿತು. ಕರ್ನಾಟಕದ ಕಾಯ್ದೆ 1982ರದು, ಮಹಾರಾಷ್ಟ್ರದ್ದು 2005ರದು. ನಿಷೇಧದ ನಂತರ ಮುತ್ತು ಕಟ್ಟುವುದು ಗುಡಿಯಿಂದ ಮನೆಯೊಳಗೆ ಸರಿಯಿತು.

ಒಯ್ಯುವವರು ಹೊರಗಿನವರೇ ಆಗಿರಬೇಕೆಂದಿಲ್ಲ. ಮೊದಲೇ ನಗರ ಸೇರಿದ್ದ ಸಂಬಂಧಿಯೋ ಅದೇ ಊರಿನವಳೋ ಬರುತ್ತಿದ್ದಳು. ಘರವಾಲಿಯಿಂದ, ಅಂದರೆ ದಂಧೆಯ ಮನೆಯ ಒಡತಿಯಿಂದ, ಮುಂಗಡ ಹಣ ಮನೆಗೆ ಸೇರುತ್ತಿತ್ತು. ಸಾಲ ತೀರುವತನಕ ಹುಡುಗಿಯ ದುಡಿಮೆ ಘರವಾಲಿಯದು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮುತ್ತು ಕಟ್ಟಿಸಿಕೊಂಡ ಮಗಳೇ ವಾರಸುದಾರಳು, ಅವಳು ಕಳಿಸುವ ಹಣವೇ ಸಂಸಾರಕ್ಕೆ ಆಧಾರ. ಕುಡಚಿ, ಉಗಾರ, ಶೇಡಬಾಳ ನಿಲ್ದಾಣಗಳ ಮೇಲೆ ಹಾಯುವ ರೈಲು ಹಿಡಿದರೆ ಮಿರಜ್ ದೂರವೇನಲ್ಲ.

ಇದು ಸಾಗಣೆಯೋ ವಲಸೆಯೋ ಎಂಬ ವಾದ ಸಾಂಗಲಿಯಲ್ಲಿ ತೀವ್ರವಾಯಿತು. 2005ರ ಮೇ ತಿಂಗಳಲ್ಲಿ ಅಲ್ಲಿನ ದಂಧೆಯ ಓಣಿಯಾದ ಗೋಕುಲನಗರದ ಮೇಲೆ ಪೊಲೀಸರು ಸರ್ಕಾರೇತರ ಸಂಸ್ಥೆಯೊಂದರ ಜೊತೆ ದಾಳಿ ಮಾಡಿದರು. ಅಪ್ರಾಪ್ತರ ಹೆಸರಿನಲ್ಲಿ ವಯಸ್ಕರನ್ನೂ ಎಳೆದೊಯ್ದರೆಂದು ಲೈಂಗಿಕ ಕಾರ್ಯಕರ್ತೆಯರ ಸಂಘಟನೆ 'ವ್ಯಾಂಪ್' ಪ್ರತಿಭಟಿಸಿತು. ಇತ್ತ ಘಟಪ್ರಭಾದಲ್ಲಿ 1997ರಲ್ಲಿ ಹುಟ್ಟಿದ 'ಮಾಸ್' ಮಾಜಿ ದೇವದಾಸಿಯರದೇ ಸಂಸ್ಥೆ. ಹೊಸದಾಗಿ ಮುತ್ತು ಕಟ್ಟುವುದನ್ನು ತಡೆಯುವುದೇ ಅದರ ಮುಖ್ಯ ಕೆಲಸ. ಅದನ್ನು ಮುನ್ನಡೆಸಿದ, ಎಳವೆಯಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಅಂಕಿಗಳನ್ನು ಎಚ್ಚರದಿಂದ ಓದಬೇಕು. ರಾಜ್ಯದಲ್ಲಿ 1993–94ರ ಸಮೀಕ್ಷೆ 22,873 ದೇವದಾಸಿಯರನ್ನು ಗುರುತಿಸಿತು. 2007–08ರ ಸಮೀಕ್ಷೆಯ ನಂತರ ಒಟ್ಟು 46,660 ಆಯಿತು. ಇದರಿಂದ ಪದ್ಧತಿ ಇಮ್ಮಡಿಸಿತೆಂದು ಹೇಳಲಾಗದು: ಎರಡನೆಯದು ಮೊದಲ ಪಟ್ಟಿಯಲ್ಲಿ ಬಿಟ್ಟುಹೋದವರನ್ನೂ ಸೇರಿಸಿಕೊಂಡಿತು. ಎಣಿಸುವವರು ಬಂದಾಗ ಮುಂಬಯಿಯಲ್ಲಿದ್ದವಳ ಹೆಸರು ಬರೆಸುವುದು ಮನೆಯವರಿಗೆ ಬಿಟ್ಟದ್ದು.

ಊರಲ್ಲೂ ನಗರದಲ್ಲೂ ಕಾಗದಪತ್ರವಿಲ್ಲದವರ ತೊಡಕು ಇತ್ತೀಚೆಗಷ್ಟೇ ಗಮನಕ್ಕೆ ಬಂದಿದೆ. ವಿಳಾಸದ ಪುರಾವೆ ಇಲ್ಲದ ಲೈಂಗಿಕ ಕಾರ್ಯಕರ್ತೆಯರಿಗೂ ಆಧಾರ್ ಕೊಡುವಂತೆ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನಿರ್ದೇಶಿಸಿತು. ದೇವದಾಸಿಯರ ಮಕ್ಕಳ ಹಕ್ಕುಗಳನ್ನೂ ಒಳಗೊಂಡ ಹೊಸ ವಿಧೇಯಕಕ್ಕೆ ಕರ್ನಾಟಕ ವಿಧಾನಮಂಡಲ 2025ರಲ್ಲಿ ಒಪ್ಪಿಗೆ ನೀಡಿತು.